ಮಂಡಳಿಯ ಲೆಕ್ಕ ಸಂತೆಗೂ ಬರಲಿ

ನಮ್ಮ ಸೀಮೆ ಹಿಂದುಳಿದಿದೆಯೆಂದು ಹೇಳಿದವರು ನಾವಲ್ಲ, ಸರ್ಕಾರವೇ ನೇಮಿಸಿದ ಡಾ. ನಂಜುಂಡಪ್ಪ ಸಮಿತಿ. 2002ರ ವರದಿಯಲ್ಲಿ ಸಿಂಧನೂರು, ಲಿಂಗಸುಗೂರು ಎರಡೂ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಲ್ಲಿದ್ದವು. ಮಸ್ಕಿ ಇನ್ನೂ ತಾಲೂಕೇ ಆಗಿರಲಿಲ್ಲ. ಅಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ, ಇಲ್ಲಿ ಹಟ್ಟಿಯ ಚಿನ್ನ! ನೀರೂ ಚಿನ್ನವೂ ಇದ್ದು ಜನ ಬಡವರಾದರೆ ಅದು ನೆಲದ ತಪ್ಪೇ?

ಸಂವಿಧಾನದ 371(ಜೆ) ವಿಧಿಯ ಬಲದಿಂದ 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಬಂತು. ಬರಬೇಕಾದದ್ದೇ, ಅದರ ಹಣದಿಂದ ಶಾಲೆ, ಆಸ್ಪತ್ರೆ, ರಸ್ತೆ ಆಗಬೇಕು. ಕಟ್ಟಡ ಎದ್ದ ಮೇಲೆ ಒಳಗೆ ಮೇಷ್ಟರೂ ವೈದ್ಯರೂ ಇರಬೇಕೆಂಬುದು ಬೇರೆ ಮಾತು. ಆದರೆ ಮಂಡಳಿಯ ಕಚೇರಿ ಕಲಬುರಗಿಯಲ್ಲಿ. ಅದರ ವಾರ್ಷಿಕ ವರದಿ ಹೋಗುವುದು ವಿಧಾನಸಭೆಗೆ. ಸಿಂಧನೂರಿನ ಅಕ್ಕಿ ಗಿರಣಿಯ ಹಮಾಲನಿಗೆ, ಲಿಂಗಸುಗೂರಿನ ಕಿರಾಣಿ ಅಂಗಡಿಯವನಿಗೆ ಲೆಕ್ಕ ಹೇಳುವವರಾರು? ಬೆಂಕಿಪೆಟ್ಟಿಗೆ ಕೊಳ್ಳುವಾಗಲೂ ತೆರಿಗೆ ಕೊಡುವವರು ಇವರೇ.

ಅಶೋಕ ಚಕ್ರವರ್ತಿ ತನ್ನ ಮಾತನ್ನು ಮಸ್ಕಿಯ ಬಂಡೆಯ ಮೇಲೆ ಹೆಸರು ಸಹಿತ ಕೊರೆಸಿದ. ಮಂಡಳಿ ಬಂಡೆ ಕೊರೆಯುವುದು ಬೇಡ. ತಾಲೂಕಿನ ಪ್ರತಿ ಕಾಮಗಾರಿಯ ಮೊತ್ತ, ಗುತ್ತಿಗೆದಾರನ ಹೆಸರು, ಮುಗಿಯಬೇಕಾದ ದಿನ, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಮೂರೂ ಊರುಗಳ ಸಂತೆ ಮೈದಾನದಲ್ಲಿ ನಿಲ್ಲಿಸಲಿ. ತಿಂಗಳಿಗೊಮ್ಮೆ ಅಧಿಕಾರಿಯೊಬ್ಬರು ಅದರ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಲಿ. ಕೇಳುವುದನ್ನು ನಾವು ಕೇಳುತ್ತೇವೆ.