ಲೆಕ್ಕ ಹಾಕಿ ಮಾತಾಡೋಣ – 11: ಕಾರ್ಡೀಲಿಯಾನಾ, ಕವರತ್ತಿನಾ?

1/8
ಆರನೇ ಸೆಮ್ ಮುಗಿದ್ಮೇಲೆ ಎಲ್ಲಿಗೆ ಟ್ರಿಪ್ ಅನ್ನೋ ಪೋಲಲ್ಲಿ ಈ ಸಲ ಗೆದ್ದಿದ್ದು "ಕ್ರೂಸ್". ಗೋಕರ್ಣ ಆಯ್ತು, ಚಿಕ್ಕಮಗಳೂರು ಆಯ್ತು, ಈಗ ಸಮುದ್ರದ ಮೇಲೇ ಮಲಗಬೇಕಂತೆ. ಮಲಗೋಣ, ತಪ್ಪೇನಿಲ್ಲ. ಆದ್ರೆ ಮೂರು ದಿನದಿಂದ ಗ್ರೂಪಲ್ಲಿ ಓಡಾಡ್ತಿರೋದು ಬರೀ ಈಜುಕೊಳದ ಫೋಟೋ, ಬಾಲ್ಕನಿ ಫೋಟೋ, ಡಿಜೆ ರೀಲ್. ಹೀಗೆ ಹೋಲಿಸಿದ್ರೆ ಯಾವಾಗ್ಲೂ ದೊಡ್ಡ ಹಡಗೇ ಗೆಲ್ಲುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಒಪ್ಪದೇ ಇರೋರು ಕೊನೆವರೆಗೂ ಓದಿ ಜಗಳ ಆಡಿ. ಹಡಗು ಆರಿಸೋ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು. ಒಂದು, ನಿಮಗೆ ರಜೆ ಹಡಗಿನ ಒಳಗೆ ಬೇಕಾ, ಹಡಗು ಇಳಿಸೋ ಊರಲ್ಲಿ ಬೇಕಾ? ಎರಡು, ನಮ್ಮಲ್ಲಿ ಅತಿ ಕಡಿಮೆ ದುಡ್ಡು ಇರೋರು ಎಷ್ಟು ಕೊಡೋಕಾಗುತ್ತೆ? ಎರಡನೇ ಪ್ರಶ್ನೆಯನ್ನ ಗ್ರೂಪಲ್ಲಿ ಇನ್ನೂ ಯಾರೂ ಕೇಳಿಲ್ಲ.

2/8
ಮೊದಲು, ಎಲ್ಲಿಂದ ಹತ್ತೋದು? "ನಮ್ಮ ಮಂಗಳೂರಿಂದ ಇಲ್ವಾ?" ಅಂತ ಒಬ್ರು ಕೇಳಿದ್ರು. ಪಣಂಬೂರಿನ ನವಮಂಗಳೂರು ಬಂದರಿಗೆ ಸೀಸನ್‌ನಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ. ಅದರ ಪ್ರವಾಸಿಗರು ಇಳಿದು ಕುದ್ರೋಳಿ ದೇವಸ್ಥಾನ, ಕಾರ್ಕಳದ ಗೊಮ್ಮಟ, ಮೂಡಬಿದಿರೆ ಬಸದಿ ನೋಡಿ, ಸಂಜೆ ಹಡಗು ಹತ್ತಿ ಹೊರಟುಹೋಗ್ತಾರೆ. ನಾವು ಅಲ್ಲಿ ನೋಡೋರು, ಹತ್ತೋರಲ್ಲ.

ಒಂದು ತಮಾಷೆ ಗೊತ್ತಾ? ಲಕ್ಷದ್ವೀಪದ ಉತ್ತರದಲ್ಲಿರೋ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳೆಲ್ಲ 1956ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ವು. ಆ ವರ್ಷ ನವೆಂಬರ್ 1ಕ್ಕೆ ಅದು ಕೇಂದ್ರಾಡಳಿತ ಪ್ರದೇಶ ಆಯ್ತು. ಹೆಂಚು, ಅಕ್ಕಿ, ಕೊಬ್ಬರಿ ವ್ಯಾಪಾರಕ್ಕೆ ಅಲ್ಲಿಯವರಿಗೆ ಮಂಗಳೂರೇ ಪೇಟೆ. ಈಗ ಪ್ರವಾಸಕ್ಕೆ ನಾವು ಹತ್ತಬೇಕಂದ್ರೆ ಮುಂಬೈ ಇಲ್ಲ ಕೊಚ್ಚಿ. ಉದ್ಯಾನ್ ಎಕ್ಸ್‌ಪ್ರೆಸ್ಸಲ್ಲಿ ಮುಂಬೈಗೆ ಹೆಚ್ಚುಕಮ್ಮಿ ಒಂದು ದಿನ. ಐಲ್ಯಾಂಡ್ ಎಕ್ಸ್‌ಪ್ರೆಸ್ಸಲ್ಲಿ ರಾತ್ರಿ ಹತ್ತಿದ್ರೆ ಬೆಳಗ್ಗೆ ಎರ್ನಾಕುಲಂ. ಟಿಕೆಟ್ ರೇಟ್ ನೋಡೋವಾಗ ಈ ಒಂದು ದಿನದ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲ್ಲ.

3/8
ಹಡಗು ಒಂದು: ಕಾರ್ಡೀಲಿಯಾ ಎಂಪ್ರೆಸ್. ನಿಮ್ಮ ರೀಲ್‌ಗಳಲ್ಲಿ ಬರ್ತಿರೋದು ಇದೇ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, 1990ರಲ್ಲಿ ಓಡಾಟ ಶುರು ಮಾಡಿದಾಗ ಹೆಸರು ನಾರ್ಡಿಕ್ ಎಂಪ್ರೆಸ್. ಅಮೆರಿಕದ ಕಡೆ ಮೂರು–ನಾಲ್ಕು ರಾತ್ರಿಯ ಚಿಕ್ಕ ಟ್ರಿಪ್‌ಗಳಿಗೆ ಅಂತಲೇ ಕಟ್ಟಿದ ಹಡಗು. ನಾವು ಹುಟ್ಟೋ ಹೊತ್ತಿಗೆ ಅದು ಸುಮಾರು ಹದಿನೈದು ವರ್ಷ ಓಡಿತ್ತು. 2021ರ ಸೆಪ್ಟೆಂಬರ್‌ನಿಂದ ನಮ್ಮ ದೇಶದಲ್ಲಿ ಓಡ್ತಿದೆ. ಉದ್ದ 210 ಮೀಟರ್ ಮೇಲೆ, ಸುಮಾರು 800 ಕ್ಯಾಬಿನ್. ಈಜುಕೊಳ, ಥಿಯೇಟರ್, ಕ್ಯಾಸಿನೊ, ಬಾರ್, ಮಕ್ಕಳಿಗೆ ಆಟದ ಜಾಗ ಎಲ್ಲ ಇದೆ. ಮುಂಬೈ–ಗೋವಾ, ಮುಂಬೈ–ಲಕ್ಷದ್ವೀಪ ಥರದ ರೂಟ್‌ಗಳು.

ಹಡಗು ಎರಡು: ಎಂವಿ ಕವರತ್ತಿ. ಇದು ಲಕ್ಷದ್ವೀಪ ಆಡಳಿತದ ಪ್ರಯಾಣಿಕರ ಹಡಗು. ಕಟ್ಟಿದ್ದು ನಮ್ಮದೇ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್. 700 ಜನ ಹಿಡಿಯುತ್ತೆ. ದ್ವೀಪದವರು ಓಡಾಡೋ ಇದೇ ಹಡಗಲ್ಲಿ ಅಲ್ಲಿನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ "ಸ್ಪೋರ್ಟ್ಸ್" ನಡೆಸೋ ಪ್ಯಾಕೇಜ್‌ಗೆ "ಸಮುದ್ರಂ" ಅಂತ ಹೆಸರು. ಕೊಚ್ಚಿಯಿಂದ ಹೊರಟು ಐದು ದಿನ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರು ದ್ವೀಪ. ಹಗಲೆಲ್ಲ ದ್ವೀಪದಲ್ಲಿ, ರಾತ್ರಿ ಹಡಗಲ್ಲಿ ನಿದ್ದೆ. ಕ್ಯಾಬಿನ್ ಇಬ್ಬರದ್ದು ಅಥವಾ ನಾಲ್ವರದ್ದು. ಡಿಜೆ ಇಲ್ಲ, ಕ್ಯಾಸಿನೊ ಇಲ್ಲ. ಜನ ವಾಸ ಇರೋ ದ್ವೀಪಗಳಲ್ಲಿ ಮದ್ಯಪಾನಕ್ಕೆ ನಿಷೇಧ.

ನೋಡಿ, ಒಂದು ಸಮುದ್ರದ ಮೇಲಿರೋ ರೆಸಾರ್ಟು. ಇನ್ನೊಂದು ಸಮುದ್ರದ ಮೇಲಿನ ಕೆಎಸ್ಆರ್‌ಟಿಸಿ ಸ್ಲೀಪರ್. ಎರಡನ್ನೂ ಈಜುಕೊಳದ ಮೇಲೆ ಹೋಲಿಸೋಕೆ ಹೋದ್ರೆ ಅರ್ಥ ಇಲ್ಲ.

4/8
ಈಗ ನಾವು ಓದಿರೋದಕ್ಕೆ ಸ್ವಲ್ಪ ಕೆಲಸ ಕೊಡೋಣ. ಕಾರ್ಡೀಲಿಯಾ ನಡೆಸೋ ಕಂಪನಿ ವಾಟರ್‌ವೇಸ್ ಲೀಶರ್ ಟೂರಿಸಂ 2025ರಲ್ಲಿ ಸುಮಾರು 727 ಕೋಟಿ ರೂಪಾಯಿಯ ಐಪಿಒಗೆ ಸೆಬಿಗೆ ಕರಡು ದಾಖಲೆ ಕೊಟ್ಟಿತ್ತು. ಶೇರು ತಗೋಬೇಕಾ ಬೇಡ್ವಾ ಅನ್ನೋದು ನನ್ನ ವಿಷಯ ಅಲ್ಲ. ಆದ್ರೆ ಪ್ರಪಂಚದಲ್ಲೆಲ್ಲ ಕ್ರೂಸ್ ವ್ಯಾಪಾರ ನಡೆಯೋದು ಒಂದೇ ಥರ: ಟಿಕೆಟ್ ಒಂದು ಆದಾಯ, ಹತ್ತಿದ ಮೇಲೆ ನೀವು ಮಾಡೋ ಖರ್ಚು ಇನ್ನೊಂದು ಆದಾಯ. ಬಾರು, ಕ್ಯಾಸಿನೊ, ಸ್ಪಾ, ಫೋಟೋ, ವೈಫೈ, ದಡದ ಸುತ್ತಾಟ. ಡೀಸೆಲ್ಲು, ಸಿಬ್ಬಂದಿ ಸಂಬಳ ಎಲ್ಲ ಫಿಕ್ಸೆಡ್ ಕಾಸ್ಟ್ ಥರ. ಖಾಲಿ ಕ್ಯಾಬಿನ್ ಇಟ್ಕೊಂಡು ಹೋಗೋದಕ್ಕಿಂತ ಕಡಿಮೆ ರೇಟಿಗೆ ನಿಮ್ಮನ್ನ ಹತ್ತಿಸ್ಕೊಂಡು ಒಳಗೆ ಖರ್ಚು ಮಾಡಿಸೋದು ಲಾಭ. ಅದು ಮೋಸ ಅಲ್ಲ, ವ್ಯಾಪಾರ. ಥಿಯೇಟರಲ್ಲಿ ಟಿಕೆಟ್‌ಗಿಂತ ಪಾಪ್‌ಕಾರ್ನ್ ದುಬಾರಿ ಇರಲ್ವಾ, ಹಂಗೆ.

ಹಾಗಾಗಿ ನೀವು ಒಳಗೇ ಇದ್ದಷ್ಟೂ ಆ ಹಡಗಿಗೆ ಒಳ್ಳೇದು. ಕಾರ್ಯಕ್ರಮ ಎಲ್ಲ ಅದಕ್ಕೆ ತಕ್ಕಂಗೆ ಜೋಡಿಸಿರ್ತಾರೆ, ಚೆನ್ನಾಗೂ ಇರುತ್ತೆ. ಕವರತ್ತಿಗೆ ನೀವು ಒಳಗಿದ್ರೂ ಒಂದೇ, ಹೊರಗಿದ್ರೂ ಒಂದೇ. ಅದರ ಕೆಲಸ ತಲುಪಿಸೋದು. ರಜೆ ಹೇಗಿರುತ್ತೆ ಅನ್ನೋದನ್ನ ಡೆಕ್ಕಿನ ಸೈಜಿಗಿಂತ ಹೆಚ್ಚಾಗಿ ತೀರ್ಮಾನ ಮಾಡೋದು ಇದೇ.

5/8
ಈ ಸ್ಲೈಡ್ ಸೇವ್ ಮಾಡ್ಕೊಳ್ಳಿ. ರೇಟು ದಿನಕ್ಕೊಂದು ಥರ ಇರುತ್ತೆ, ಅದಕ್ಕೇ ಕೆಳಗಿನ ನಂಬರ್‌ಗಳು ನಿಜವಾದ ರೇಟ್ ಅಲ್ಲ, ವಿಧಾನ ತೋರಿಸೋಕೆ ನಾನೇ ಹಾಕಿರೋದು.

ಹಡಗು ಎ: ಟಿಕೆಟ್ 20,000, ಬಂದರು ಶುಲ್ಕ–ತೆರಿಗೆ–ಸರ್ವಿಸ್ ಸೇರಿ 6,000, ರೈಲು ಮತ್ತೆ ಒಳಗಿನ ಖರ್ಚು 4,000. ಒಟ್ಟು 30,000. ದಡದ ಮೇಲೆ 6 ಗಂಟೆ, ಹಡಗಲ್ಲಿ ಮಜಾ ಮಾಡೋಕೆ 40 ಗಂಟೆ.
ಹಡಗು ಬಿ: ಪ್ಯಾಕೇಜ್ ತೆರಿಗೆ ಸೇರಿ 33,000, ರೈಲು ಇತ್ಯಾದಿ 3,000. ಒಟ್ಟು 36,000. ದಡದ ಮೇಲೆ 18 ಗಂಟೆ, ಹಡಗಲ್ಲಿ ಮಜಾ ಅಂದ್ರೆ ಡೆಕ್ ಮೇಲೆ ಕೂತು ನಕ್ಷತ್ರ ನೋಡೋ 4 ಗಂಟೆ.

ದಡದ ಒಂದು ಗಂಟೆಗೆ: ಎ 5,000, ಬಿ 2,000.
ಹಡಗಿನ ಮಜಾ ಒಂದು ಗಂಟೆಗೆ: ಎ 750, ಬಿ 9,000.

ದುಡ್ಡು ಅದೇ. ಕೆಳಗೆ ಭಾಗಿಸೋ ನಂಬರ್ ಬದಲಾದ ಕೂಡ್ಲೇ ಅಗ್ಗದ್ದು ದುಬಾರಿ ಆಯ್ತು. ಆದ್ದರಿಂದ ಯಾರಾದ್ರೂ "ಇದು ವರ್ತ್" ಅಂದ್ರೆ ಯಾವುದರಿಂದ ಭಾಗಿಸಿದ್ರಿ ಅಂತ ಕೇಳಿ. ಬುಕ್ ಮಾಡೋ ಮುಂಚೆ ಕೇಳಬೇಕಾದ್ದು ನಾಲ್ಕೇ: ತೆರಿಗೆ–ಶುಲ್ಕ ಎಲ್ಲ ಸೇರಿ ಎಷ್ಟು, ದಡದ ಸುತ್ತಾಟ ಟಿಕೆಟ್‌ನಲ್ಲಿ ಇದೆಯಾ ಬೇರೆನಾ, ದಡದ ಮೇಲೆ ಎಷ್ಟು ಗಂಟೆ, ಹವಾಮಾನ ಕೆಟ್ಟು ದಡಕ್ಕೆ ಬಿಡದಿದ್ರೆ ದುಡ್ಡು ವಾಪಸ್ ಬರುತ್ತಾ.

6/8
ಯಾರ ಜೊತೆ ಹೋಗ್ತೀರಿ ಅನ್ನೋದೂ ಲೆಕ್ಕಕ್ಕೆ ಬರಬೇಕು. ಅಪ್ಪ–ಅಮ್ಮನ ಇಪ್ಪತ್ತೈದನೇ ಆ್ಯನಿವರ್ಸರಿಗೆ ಕಳಿಸ್ತೀರಾ, ಅಜ್ಜಿಗೆ ಮಂಡಿ ನೋವಾ? ಕಣ್ಣು ಮುಚ್ಕೊಂಡು ಕಾರ್ಡೀಲಿಯಾದ ಗೋವಾ ರೂಟ್ ಅಂತೀನಿ. ಲಿಫ್ಟ್ ಇದೆ, ಊಟದಲ್ಲಿ ಆಯ್ಕೆ ಇದೆ, ಬಂದರಲ್ಲಿ ನೆಟ್ಟಗೆ ಇಳೀಬಹುದು. ಲಕ್ಷದ್ವೀಪದಲ್ಲಿ ಹವಳದ ದಿಬ್ಬ ಇರೋದ್ರಿಂದ ಹಲವು ಕಡೆ ಹಡಗು ದೂರದಲ್ಲೇ ನಿಂತು, ಅಲೆ ಮೇಲೆ ಕುಣಿಯೋ ಚಿಕ್ಕ ಬೋಟಿಗೆ ಇಳೀಬೇಕು. ಯಾವ ಹಡಗಲ್ಲಿ ಹೋದ್ರೂ ಇದು ತಪ್ಪಿದ್ದಲ್ಲ. ನಮಗೆ ಮಜಾ, ಅಜ್ಜಿಗೆ ಭಯ.

ಚಿಕ್ಕ ಹಡಗು ಸಾಮಾನ್ಯವಾಗಿ ಹೆಚ್ಚು ಅಲ್ಲಾಡುತ್ತೆ. ಬಸ್ಸಲ್ಲೇ ವಾಂತಿ ಮಾಡೋರು ಕೆಳಗಿನ ಡೆಕ್ಕಲ್ಲಿ ಮಧ್ಯಭಾಗದ ಕ್ಯಾಬಿನ್ ಕೇಳಿ, ಅಲ್ಲಿ ಅಲುಗಾಟ ಕಡಿಮೆ. ಮಳೆಗಾಲದಲ್ಲಿ ಲಕ್ಷದ್ವೀಪದ ಪ್ಯಾಕೇಜ್ ಕನಸೂ ಕಾಣಬೇಡಿ. ಭಾರತೀಯರೇ ಆದ್ರೂ ಅಲ್ಲಿಗೆ ಹೋಗೋಕೆ ಪರ್ಮಿಟ್ ಬೇಕು, ಕೊನೇ ವಾರದಲ್ಲಿ "ನಾನೂ ಬರ್ತೀನಿ" ಅನ್ನೋಕಾಗಲ್ಲ. ಇನ್ನೊಂದು ಮಾತು ಮುಚ್ಚಿಡಬಾರದು: 2021ರ ಕೊನೆಯಲ್ಲಿ ಕವರತ್ತಿ ಹಡಗಿನ ಎಂಜಿನ್ ರೂಮಲ್ಲಿ ಬೆಂಕಿ ಬಿದ್ದು, ಕೋಸ್ಟ್ ಗಾರ್ಡ್ ನೆರವಿಗೆ ಹೋಗಬೇಕಾಯ್ತು. ಪ್ರಯಾಣಿಕರೆಲ್ಲ ಸುರಕ್ಷಿತವಾಗಿ ವಾಪಸ್ ಬಂದ್ರು. ಸರ್ಕಾರಿ ಹಡಗನ್ನ ಹೊಗಳೋವಾಗ ಇದನ್ನೂ ಹೇಳ್ಬೇಕು.

7/8
ನಮ್ಮ ಕ್ಲಾಸಿಗೆ ಮಾತ್ರ ನನ್ನ ಓಟು ಕವರತ್ತಿಗೆ. ಮಜಾ ಮಾಡೋಕೆ ಹಡಗೇ ಬೇಕು ಅಂತಿಲ್ಲ, ನಾವು ಕಾಲೇಜು ಕ್ಯಾಂಟೀನಲ್ಲೇ ಗಲಾಟೆ ಮಾಡೋರು. ಸಿಗದೇ ಇರೋದು ಆ ಮೂರು ದ್ವೀಪ. ಮಿನಿಕಾಯ್‌ನಲ್ಲಿ 1885ರಲ್ಲಿ ಕಟ್ಟಿದ ಲೈಟ್‌ಹೌಸ್ ಇದೆ. ಅಲ್ಲಿನವರು ಮಾತಾಡೋದು ಮಲಯಾಳ ಅಲ್ಲ, ಮಾಲ್ಡೀವ್ಸಿನ ದಿವೇಹಿಗೆ ಸೇರಿದ ಮಹಲ್. ಅಲ್ಲಿಗೆ ಇನ್ನೊಂದು ಸಲ ಹೋಗ್ತೀವಿ ಅನ್ನೋ ಗ್ಯಾರಂಟಿ ಇಲ್ಲ. ಡಿಜೆ ಬೇಕಂದ್ರೆ ಕೋರಮಂಗಲಕ್ಕೆ ಯಾವತ್ತು ಬೇಕಾದ್ರೂ ಹೋಗಬಹುದು.

ಆದ್ರೆ ಷರತ್ತಿದೆ. 2011ರ ಜನಗಣತಿ ಪ್ರಕಾರ ಇಡೀ ಲಕ್ಷದ್ವೀಪದ ಜನಸಂಖ್ಯೆ 64 ಸಾವಿರ ಚಿಲ್ಲರೆ. ಅಷ್ಟು ಜನಕ್ಕೂ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಅಂತ ಕೇರಳಕ್ಕೆ ಬರೋಕೆ ಇಂಥ ಹಡಗುಗಳೇ ಬಸ್ಸು. ನಮ್ಮ ವಯಸ್ಸಿನವರೇ ಪರೀಕ್ಷೆ ಮುಗಿಸಿ ಅದೇ ಹಡಗಲ್ಲಿ ಮನೆಗೆ ಹೋಗ್ತಿರ್ತಾರೆ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್‌ನಲ್ಲಿ ಊರಿಗೆ ಹೋಗೋರ ಬಸ್ಸಿಗೆ ಟೂರಿಸ್ಟ್ ಗ್ಯಾಂಗ್ ಹತ್ತಿ ಸ್ಪೀಕರ್ ಹಾಕಿದ್ರೆ ನಮಗೆ ಹೇಗನ್ಸುತ್ತೆ? ಹೋಗೋದಾದ್ರೆ ಹಬ್ಬ, ಕಾಲೇಜು ರಜೆಯ ರಶ್ ಬಿಟ್ಟು ಹೋಗೋಣ. ಸ್ಪೀಕರ್ ಮನೇಲಿ ಬಿಟ್ಟು, ತಗೊಂಡ್ ಹೋದ ಪ್ಲಾಸ್ಟಿಕ್ ವಾಪಸ್ ತರೋಣ.

8/8
ಈಗ ಆ ಯಾರೂ ಕೇಳದ ಪ್ರಶ್ನೆ. ರೇಟಿನ ಸ್ಕ್ರೀನ್‌ಶಾಟ್ ಬಂದ ಮೇಲೆ ನಮ್ಮ ಗ್ರೂಪಲ್ಲಿ "ಮನೇಲಿ ಬಿಡಲ್ಲ" ಅನ್ನೋ ಮೆಸೇಜ್ ಎಷ್ಟು ಬಂತು, ಮೇಲೆ ಸ್ಕ್ರೋಲ್ ಮಾಡಿ ಎಣಿಸಿ. ಅದರ ಅರ್ಥ ನನಗೆ ಗೊತ್ತು, ಯಾಕಂದ್ರೆ ಎರಡನೇ ಸೆಮ್ ಟ್ರಿಪ್‌ಗೆ ಅದನ್ನೇ ನಾನೂ ಟೈಪ್ ಮಾಡಿದ್ದೆ. ಮನೇಲಿ ಬಿಟ್ಟಿದ್ರು. ಅಮ್ಮ ಹೋಗ್ಬಾ ಅಂದಿದ್ರು. ಅದು ಚೀಟಿ ಕಟ್ಟೋ ವಾರ, ಅಷ್ಟೇ. ನಮ್ಮ ಇಟ್ಟಮಡು ಕಡೆ ಎಷ್ಟೋ ಮನೆಗಳ ತಿಂಗಳ ಬಾಡಿಗೆಗಿಂತ ಒಂದು ಕ್ರೂಸ್ ಟಿಕೆಟ್ ಜಾಸ್ತಿ.

ಅದಕ್ಕೇ ನನ್ನ ಸಲಹೆ. ಕ್ಲಾಸಲ್ಲಿ ಒಂದು ಡಬ್ಬ ಇಡೋಣ. ಪ್ರತಿಯೊಬ್ರೂ ಹೆಸರಿಲ್ಲದ ಚೀಟೀಲಿ "ನಾನು ಹೆಚ್ಚಂದ್ರೆ ಇಷ್ಟು ಕೊಡಬಲ್ಲೆ" ಅಂತ ಬರೆದು ಹಾಕಲಿ. ಬಜೆಟ್ ಸರಾಸರಿ ಮೇಲೆ ಬೇಡ. ಹತ್ತು ಜನದಲ್ಲಿ ಒಂಬತ್ತು ಜನ 30,000, ಒಬ್ರು 8,000 ಅಂತ ಬರೆದ್ರೆ ಸರಾಸರಿ 27,800. ಸ್ಟ್ಯಾಟಿಸ್ಟಿಕ್ಸ್ ಪೇಪರಲ್ಲಿ ಫುಲ್ ಮಾರ್ಕ್ಸ್, ಆದ್ರೆ ಒಬ್ರು ಮನೇಲಿ. ಬಜೆಟ್ ಆಗಬೇಕಾದ್ದು ಅತಿ ಕಡಿಮೆ ಬರೆದಿರೋ ಚೀಟಿ.

"ಇಎಂಐ ಇದೆಯಲ್ಲ" ಅನ್ನೋರಿಗೆ: ಐದು ದಿನದ ರಜೆಗೆ ಆರು ತಿಂಗಳ ಕಂತು, ಅದೂ ಇನ್ನೂ ಕೆಲಸ ಸಿಗದೇ ಇರೋರಿಗೆ, ನಾನು ಒಪ್ಪಲ್ಲ. "ಇರೋರು ಇಲ್ದೇ ಇರೋರಿಗೆ ಹಾಕೋಣ" ಅನ್ನೋರಿಗೆ: ಮನಸ್ಸು ದೊಡ್ಡದು, ಆದ್ರೆ ಮೂರು ವರ್ಷ ಪಕ್ಕದ ಬೆಂಚಲ್ಲಿ ಕೂತವರ ಋಣದಲ್ಲಿ ಡೆಕ್ ಮೇಲೆ ನಿಂತು ನಗೋದು ಸುಲಭ ಅಲ್ಲ.

ಚೀಟಿ ಎರಡೂ ಹಡಗಿಗೆ ಸಾಲಲಿಲ್ವಾ? ರಾತ್ರಿ ಬಸ್ ಹತ್ತಿ ಉಡುಪಿ, ಬೆಳಗ್ಗೆ ಮಲ್ಪೆ, ಅಲ್ಲಿಂದ ಬೋಟಲ್ಲಿ ಸೇಂಟ್ ಮೇರಿಸ್ ದ್ವೀಪ. ಕೋಟಿಗಟ್ಟಲೆ ವರ್ಷದ ಹಿಂದೆ ಲಾವಾ ಆರಿ ಕಂಬಕಂಬವಾಗಿ ನಿಂತ ಬಂಡೆಗಳು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತ ಅದೇ ಅರಬ್ಬೀ ಸಮುದ್ರ. ಮಳೆಗಾಲಕ್ಕೆ ಮುಂಚೆ ಹೋಗಬೇಕು. ಹಡಗಲ್ಲಿ ಮಲಗೋ ಆಸೆ ಇರೋರಿಗೆ ಸಂಬಳ ಬರೋ ದಿನ ಬಂದೇ ಬರುತ್ತೆ, ಕಾರ್ಡೀಲಿಯಾನೂ ಕವರತ್ತಿನೂ ಆಗ ನೋಡ್ಕೊಳ್ಳಿ. ಇಡೀ ಕ್ಲಾಸ್ ಒಟ್ಟಿಗೆ ಹೋಗೋಕೆ ಇರೋದು ಇದೊಂದೇ ಸೆಮ್.

ಡಬ್ಬ ಸೋಮವಾರ ನಾನು ತರ್ತೀನಿ. ಬೇರೆ ಕಾಲೇಜಿನವರು ನಿಮ್ಮ ಕ್ಲಾಸಲ್ಲಿ ಟ್ರೈ ಮಾಡಿ, ಅತಿ ಕಡಿಮೆ ಚೀಟಿ ಎಷ್ಟು ಬಂತು, ಎಲ್ಲಿಗೆ ಹೋದ್ರಿ ಅಂತ ಕಾಮೆಂಟಲ್ಲಿ ಬರೀರಿ.

#ಲೆಕ್ಕಹಾಕಿಮಾತಾಡೋಣ #ಬಿಕಾಂಬದುಕು #ಇಟ್ಟಮಡು #ಕವರತ್ತಿ #ಮಲ್ಪೆ