ಹಾವೇರಿಗೆ ಹಾವೇರಿ ಸಮ ಅಲ್ಲವಂತೆ!

ಜಾವಾದಲ್ಲಿ ಸ್ಟ್ರಿಂಗ್ ಹೋಲಿಸೋಕೆ ‘ಈಕ್ವಲ್ಸ್’ ಬಳಸಿದ್ರೆ ಮುಗೀತು ಅಂತಾರೆ ನಮ್ಮ ಮಂದಿ. ನಾನೂ ಅದೇ ಕುಲದವನು, ಅದಕ್ಕೇ ಸಿಟ್ಟು. ಕನ್ನಡಕ್ಕೆ ಅಷ್ಟೇ ಸಾಲದು ಸ್ವಾಮಿ!

ಯೂನಿಕೋಡ್‌ನಲ್ಲಿ ‘ವೇ’ಯ ಏತ್ವಕ್ಕೆ ಒಂದೇ ಕೋಡ್ ಇರಬಹುದು, ಇಲ್ಲವೇ ಎತ್ವ, ದೀರ್ಘ ಅಂತ ಎರಡು. ಹಾಗಾಗಿ ಒಂದು ‘ಹಾವೇರಿ’ಗೆ 6 ಕೋಡ್, ಇನ್ನೊಂದಕ್ಕೆ 7. ಕಣ್ಣಿಗೆ ಎರಡೂ ಒಂದೇ. ಈಕ್ವಲ್ಸ್‌ ಮಾತ್ರ ‘ಫಾಲ್ಸ್’ ಅನ್ನುತ್ತೆ. ರಾಣೇಬೆನ್ನೂರಿನ ‘ಣೇ’ಗೂ ಇದೇ ಪಾಡು. ಬ್ಯಾಡಗಿಯಲ್ಲಿ ಹಾಗೆ ಒಡೆಯೋ ಸ್ವರವಿಲ್ಲ, ಬಚಾವ್! ಬರೀ ಬ್ಯಾಡಗಿ ಹಾಕಿ ಟೆಸ್ಟ್ ಮಾಡಿದವ ‘ಎಲ್ಲಾ ಸರಿ’ ಅಂತಾನೆ. ಹಾವೇರಿಯ ರೈತ ಹುಡುಕಿದ್ರೆ ‘ದಾಖಲೆ ಇಲ್ಲ’. ಆಮೇಲೆ ತಪ್ಪು ಕನ್ನಡದ್ದಂತೆ!

2006ರ ಜಾವಾ 6ರಿಂದಲೇ ‘ನಾರ್ಮಲೈಸರ್’ ಇದೆ. ಹೋಲಿಸುವ ಮುಂಚೆ ಎರಡನ್ನೂ ಎನ್‌ಎಫ್‌ಸಿಗೆ ತನ್ನಿ. ಒಂದು ಸಾಲು ಬರೆಯೋಕೆ ಸೋಮಾರಿತನ, ದೂರೋದು ಭಾಷೆಯನ್ನ!