ದೋಷವು ಕ್ಯಾಮರಾದ್ದೊ, ಕೈಯದೊ?

ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸರಳ ಲೋಲಕದ ಪ್ರಯೋಗವನ್ನು ಮಾಡಿಸುವಾಗ ವರ್ಷಕ್ಕೊಮ್ಮೆಯಾದರೂ ನಡೆಯುವ ಪ್ರಸಂಗವೊಂದುಂಟು. ಗುರುತ್ವ ವೇಗೋತ್ಕರ್ಷದ ಬೆಲೆಯು ನಮ್ಮ ಸೀಮೆಯಲ್ಲಿ ಸುಮಾರು ೯.೭೮ ಎಂದು ಬರಬೇಕು. ವಿದ್ಯಾರ್ಥಿಯೊಬ್ಬನು ೧೦.೮ ಎಂದು ಬರೆದು ತಂದು, "ಸಾರ್, ಈ ಗಡಿಯಾರ ಸರಿಯಿಲ್ಲ, ಬೇರೆಯದನ್ನು ಕೊಡಿ" ಎಂದು ಕೇಳುವನು. ನಾವು ವಾದಿಸದೆ ಬೇರೆ ಗಡಿಯಾರವನ್ನು ಕೊಡುವೆವು. ಅರ್ಧ ಗಂಟೆಯ ಮೇಲೆ ಅವನು ಮತ್ತೆ ಅದೇ ೧೦.೮ನ್ನು ಹೊತ್ತು ತರುವನು. ಅವನ ಪಕ್ಕದಲ್ಲಿ ನಿಂತು ನೋಡಿದರೆ ಕಾರಣ ತಿಳಿಯುವುದು. ಗುಂಡನ್ನು ಬಿಟ್ಟು ಗಡಿಯಾರವನ್ನು ಒತ್ತುವ ಕ್ಷಣದಲ್ಲಿ 'ಸೊನ್ನೆ' ಎನ್ನಬೇಕಾದವನು 'ಒಂದು' ಎಂದು ಎಣಿಕೆಯನ್ನು ಆರಂಭಿಸಿರುವನು. ಹತ್ತೊಂಬತ್ತು ತೂಗಾಟಗಳನ್ನು ಇಪ್ಪತ್ತೆಂದು ಹಿಡಿದರೆ ಕಾಲದಲ್ಲಿ ನೂರಕ್ಕೆ ಐದರಷ್ಟು ತಪ್ಪು ಸೇರುವುದು. ಕಾಲದ ವರ್ಗವು ಲೆಕ್ಕಕ್ಕೆ ಬರುವುದರಿಂದ ಉತ್ತರದಲ್ಲಿ ಆ ತಪ್ಪು ನೂರಕ್ಕೆ ಹತ್ತನ್ನೂ ಮೀರುವುದು. ಗಡಿಯಾರವನ್ನು ಎಷ್ಟು ಸಲ ಬದಲಿಸಿದರೂ ಈ ತಪ್ಪು ಹೋಗದು.

ಉಪಕರಣದ ದೋಷ ಬೇರೆ, ಅದನ್ನು ಬಳಸುವವನ ದೋಷ ಬೇರೆ. ಮೊದಲು ಇವೆರಡನ್ನೂ ಬೇರ್ಪಡಿಸಿ ನೋಡಬೇಕು. ಈ ಪಾಠವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವ ನಾವೇ ಮನೆಯಲ್ಲಿ ಅದನ್ನು ಮರೆತೆವು. ಹಾಗೆ ಮರೆತ ಕಥೆಯನ್ನು ಹೇಳುವುದರಿಂದ, ಕ್ಯಾಮರಾ ಬದಲಿಸಬೇಕೆ ಬೇಡವೆ ಎಂದು ತೊಳಲುತ್ತಿರುವ ವಾಚಕರಿಗೆ ಸ್ವಲ್ಪ ಪ್ರಯೋಜನವಾದೀತೆಂದು ನಂಬಿದ್ದೇವೆ.

ನಮ್ಮ ಅಜ್ಜಿಗೆ ಎಂಬತ್ತೈದು ತುಂಬಿದ ದಿನ ಬೆಳಿಗ್ಗೆ ಹತ್ತು ಗಂಟೆಯ ವೇಳೆಗೆ ಹಜಾರದಲ್ಲಿ ಅವರ ಚಿತ್ರವನ್ನು ತೆಗೆದೆವು. ನಮ್ಮಲ್ಲಿದ್ದುದು ಒಂಬತ್ತು ವರ್ಷಗಳ ಹಳೆಯ, ಒಳಗೆ ಕನ್ನಡಿಯುಳ್ಳ, ಚಿಕ್ಕ ಸಂವೇದಕದ ಕ್ಯಾಮರಾ. ಅಜ್ಜಿ ಒಳಗೋಡೆಯ ಬಳಿ ಕುರ್ಚಿಯಲ್ಲಿ ಕುಳಿತಿದ್ದರು. ಮರಿಮಗಳು ಏನನ್ನೋ ಹೇಳಿದಳು. ಅವರು ಅವಳ ಕಡೆ ತಿರುಗಿ ಬಾಯ್ತುಂಬ ನಕ್ಕರು. ಅಂಥ ನಗುವನ್ನು ನಾವು ಅವರ ಮುಖದಲ್ಲಿ ಬಹು ಕಾಲದಿಂದ ಕಂಡಿರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಮುಖವೆಲ್ಲ ಒದ್ದೆ ಬಟ್ಟೆಯಿಂದ ಒರಸಿದಂತೆ ಕಲಸಿಹೋಗಿದ್ದಿತು. ಕ್ಯಾಮರಾ ಹಳೆಯದಾಯಿತೆಂದು ಅಂದೇ ತೀರ್ಮಾನಿಸಿದೆವು. ಸ್ನೇಹಿತರೂ ಹೌದೆಂದರು. ಬೇರೊಂದು ಕಂಪನಿಯ, ಕನ್ನಡಿಯಿಲ್ಲದ, ದೊಡ್ಡ ಸಂವೇದಕದ ಕ್ಯಾಮರಾ ಮತ್ತು ಅದಕ್ಕೊಪ್ಪುವ ಎರಡು ಮಸೂರಗಳ ಬೆಲೆ ಕೂಡಿಸಿದಾಗ ಎರಡು ಲಕ್ಷ ರೂಪಾಯಿಗಳನ್ನು ದಾಟಿತು. ಸಹಕಾರ ಸಂಘದಿಂದ ಸಾಲದ ಅರ್ಜಿಯ ನಮೂನೆಯನ್ನೂ ತಂದಿಟ್ಟುಕೊಂಡೆವು.

ಈ ಆಸೆ ಇಂದು ಅನೇಕರನ್ನು ಕಾಡುತ್ತಿರುವುದಕ್ಕೆ ಕಾರಣವಿಲ್ಲದೆ ಇಲ್ಲ. ಮಸೂರ ಬದಲಿಸಬಲ್ಲ, ಕನ್ನಡಿಯಿಲ್ಲದ ಮೊದಲ ಡಿಜಿಟಲ್ ಕ್ಯಾಮರಾಗಳು ೨೦೦೮ರಲ್ಲಿ ಕಾಣಿಸಿಕೊಂಡವು. ೨೦೧೮ರಲ್ಲಿ ನಿಕಾನ್ ಮತ್ತು ಕ್ಯಾನನ್ ಕಂಪನಿಗಳೆರಡೂ ದೊಡ್ಡ ಸಂವೇದಕದ ಹೊಸ ಕ್ಯಾಮರಾಗಳನ್ನು ಹೊರತಂದು, ಅವುಗಳೊಡನೆ ಮಸೂರ ಕೂರಿಸುವ ಹೊಸ ಬಳೆಯನ್ನೂ ಬಳಕೆಗೆ ತಂದವು. ನಿಕಾನಿನ ಹಳೆಯ ಬಳೆ ೧೯೫೯ರದು, ಕ್ಯಾನನ್ನಿನದು ೧೯೮೭ರದು. ಹಳೆಯ ನಿಕಾನಿನಲ್ಲಿ ಬಳೆಯಿಂದ ಸಂವೇದಕದವರೆಗಿನ ದೂರ ೪೬.೫ ಮಿಲಿಮೀಟರ್, ನಡುವೆ ಕನ್ನಡಿ ಏಳುವುದಕ್ಕೆ ಅಷ್ಟು ಸ್ಥಳ ಬೇಕಾಗಿತ್ತು. ಕನ್ನಡಿ ಹೋದ ಮೇಲೆ ಆ ದೂರ ೧೬ ಮಿಲಿಮೀಟರಿಗೆ ಇಳಿಯಿತು. ಉಳಿದ ೩೦.೫ ಮಿಲಿಮೀಟರನ್ನು ತುಂಬುವ ಜೋಡಣೆಯೊಂದನ್ನು ನಡುವೆ ಇಟ್ಟರೆ ಹಳೆಯ ಮಸೂರವು ಹೊಸ ಕ್ಯಾಮರಾದ ಮೇಲೂ ಬಿಂಬವನ್ನು ಸರಿಯಾಗಿ ಮೂಡಿಸುವುದು. ಕೆಲವು ಹಳೆಯ ಮಸೂರಗಳಲ್ಲಿ ಮಾತ್ರ ಫೋಕಸನ್ನು ಕೈಯಿಂದಲೇ ಮಾಡಿಕೊಳ್ಳಬೇಕಾಗುವುದು. ಆದುದರಿಂದ ಅದೇ ಕಂಪನಿಯ ಹೊಸ ಕ್ಯಾಮರಾವನ್ನು ಕೊಳ್ಳುವವನು ತನ್ನ ಮಸೂರಗಳನ್ನು ಕಳೆದುಕೊಳ್ಳಬೇಕಾಗಿಲ್ಲ. ಪದ್ಧತಿಯನ್ನೇ ಬಿಟ್ಟು ಬೇರೆ ಕಂಪನಿಗೆ ಹೋಗುವವನಾದರೊ ಸಾಮಾನ್ಯವಾಗಿ ಎಲ್ಲವನ್ನೂ ಅರ್ಧ ಬೆಲೆಗೆ ಮಾರಿ, ಪೂರ್ತಿ ಬೆಲೆ ಕೊಟ್ಟು ಮತ್ತೆ ಕೊಳ್ಳಬೇಕಾಗುವುದು.

ಇಷ್ಟು ಹಣಕ್ಕೆ ಪ್ರತಿಯಾಗಿ ದೊರೆಯುವುದೇನು ಎಂಬುದನ್ನು ಭೌತವಿಜ್ಞಾನದ ದೃಷ್ಟಿಯಿಂದ ಲೆಕ್ಕ ಹಾಕೋಣ. ದೊಡ್ಡ ಸಂವೇದಕದ ಅಳತೆ ೩೬ಕ್ಕೆ ೨೪ ಮಿಲಿಮೀಟರ್, ಅಂದರೆ ೮೬೪ ಚದರ ಮಿಲಿಮೀಟರ್. ಚಿಕ್ಕದರ ಅಳತೆ ಸುಮಾರು ೨೩.೫ಕ್ಕೆ ೧೫.೬, ಅಂದರೆ ೩೬೭ ಚದರ ಮಿಲಿಮೀಟರ್. ಕಿಂಡಿಯ ಅಂಕವೂ ಷಟರಿನ ಕಾಲವೂ ಒಂದೇ ಆಗಿರುವಾಗ ದೊಡ್ಡದು ೨.೩೫ ಪಟ್ಟು ಹೆಚ್ಚು ಬೆಳಕನ್ನು ಹಿಡಿಯುವುದು. ಬೆಳಕು ಫೋಟಾನ್‌ಗಳ ರೂಪದಲ್ಲಿ ಬಿಡಿಬಿಡಿಯಾಗಿ ಬೀಳುವುದರಿಂದ ಮಬ್ಬಿನಲ್ಲಿ ತೆಗೆದ ಚಿತ್ರಗಳ ಮೇಲೆ ಮರಳು ಎರಚಿದಂತೆ ಕಾಳುಗಳು ಕಾಣುವುವಷ್ಟೆ. ಈ ಏರುಪೇರಿಗೆ ಹೋಲಿಸಿದಾಗ ಚಿತ್ರದ ಶುದ್ಧತೆಯು ಬೆಳಕಿನ ಪ್ರಮಾಣದ ವರ್ಗಮೂಲದಂತೆ ಹೆಚ್ಚುವುದು. ೨.೩೫ರ ವರ್ಗಮೂಲ ೧.೫೩. ಲಾಭವುಂಟು, ಅಲ್ಲಗಳೆಯುವಂತಿಲ್ಲ, ಆದರೆ ಅದು ಒಂದೂವರೆ ಪಟ್ಟಿನ ಲಾಭ.

ಈಗ ಬೇರೆ ಎರಡು ಉಪಾಯಗಳನ್ನು ನೋಡಿ. ಕ್ಯಾಮರಾದೊಡನೆ ಬರುವ ಸಾಮಾನ್ಯ ಜೂಮ್ ಮಸೂರವು ಐವತ್ತು ಮಿಲಿಮೀಟರ್ ಸಂಗಮದೂರದ ಆಸುಪಾಸಿನಲ್ಲಿ ಎಫ್/೫.೬ಕ್ಕಿಂತ ದೊಡ್ಡ ಕಿಂಡಿಯನ್ನು ಹೆಚ್ಚಾಗಿ ತೆರೆಯಲಾರದು. ಅದೇ ಕ್ಯಾಮರಾಕ್ಕೆ ಎಫ್/೧.೮ರ, ಐವತ್ತು ಮಿಲಿಮೀಟರಿನ ಅಗ್ಗದ ಮಸೂರವನ್ನು ಹಾಕಿದರೆ ೫.೬ನ್ನು ೧.೮ರಿಂದ ಭಾಗಿಸಿ ವರ್ಗ ಮಾಡಿದಷ್ಟು, ಎಂದರೆ ಸುಮಾರು ಹತ್ತು ಪಟ್ಟು ಬೆಳಕು ಬರುವುದು. ಎರಡನೆಯ ಉಪಾಯಕ್ಕೆ ಕಾಸಿನ ಖರ್ಚೂ ಇಲ್ಲ. ಹಗಲು ಹೊತ್ತಿನಲ್ಲಿ ಕೋಣೆಯ ಒಳಮೂಲೆಗಿಂತ ಕಿಟಕಿಯ ಪಕ್ಕದಲ್ಲಿ ಬೆಳಕು ಹತ್ತು ಪಟ್ಟು ಅಧಿಕವಾಗಿರುವುದು ಸಾಮಾನ್ಯ. ಕುಳಿತವರನ್ನು ಕಿಟಕಿಯ ಬಳಿಗೆ ಕರೆದರೆ, ದೊಡ್ಡ ಸಂವೇದಕವು ಕೊಡುವ ಬೆಳಕಿನ ನಾಲ್ಕರಷ್ಟು ಬೆಳಕು ಕೈಸೇರುವುದು. ನಮ್ಮ ಕಣ್ಣಿನ ಪಾಪೆ ತಾನಾಗಿ ಹಿಗ್ಗಿ ಕುಗ್ಗಿ, ಮನಸ್ಸೂ ಅದಕ್ಕೆ ಹೊಂದಿಕೊಳ್ಳುವುದರಿಂದ ಈ ಅಂತರವು ನಮ್ಮ ಅರಿವಿಗೆ ಬಾರದು. ಛಾಯಾಚಿತ್ರದ ಅಭ್ಯಾಸದಲ್ಲಿ ಮೊದಲು ಕಲಿಯಬೇಕಾದುದು ಈ ಅಂತರವನ್ನು ಗುರುತಿಸುವುದನ್ನೇ.

ಮತ್ತೊಂದು ಸಂಗತಿ. ಎಲ್ಲವೂ ಸ್ಪಷ್ಟವಾಗಿ ಬರಲೆಂದು ಕಿಂಡಿಯನ್ನು ಎಫ್/೧೬ಕ್ಕೋ ೨೨ಕ್ಕೋ ಕಿರಿದುಮಾಡಿ, ಬಳಿಕ ಮಸೂರ ಮಂದವೆಂದು ದೂರುವವರುಂಟು. ಕಿರುಗಿಂಡಿಯಲ್ಲಿ ಹಾಯುವ ಬೆಳಕು ವಿವರ್ತನೆಗೆ ಒಳಗಾಗಿ ಹರಡುವುದು. ಒಂದು ಚುಕ್ಕೆಯ ಬಿಂಬವು ಚುಕ್ಕೆಯಾಗಿರದೆ ಸಣ್ಣ ತಟ್ಟೆಯಾಗುವುದು. ಹಸುರು ಬೆಳಕಿಗೆ ಎಫ್/೧೬ರಲ್ಲಿ ಈ ತಟ್ಟೆಯ ವ್ಯಾಸ ಸುಮಾರು ೨೧ ಮೈಕ್ರೋಮೀಟರ್. ೨೪೦ ಲಕ್ಷ ಕಣಗಳುಳ್ಳ ಚಿಕ್ಕ ಸಂವೇದಕದಲ್ಲಿ ಒಂದೊಂದು ಕಣದ ಅಗಲ ೪ ಮೈಕ್ರೋಮೀಟರಿಗೂ ತುಸು ಕಡಿಮೆ. ಎಂದಮೇಲೆ ಒಂದು ಚುಕ್ಕೆಯು ಐದು ಕಣಗಳ ಅಗಲಕ್ಕೂ ಮೀರಿ ಚೆಲ್ಲುವುದು. ಇದು ಬೆಳಕಿನ ಸ್ವಭಾವ. ಕಂಪನಿ ಬದಲಾದರೆ ಬದಲಾಗದು.

ಇಷ್ಟನ್ನು ಕಾಗದದ ಮೇಲೆ ಬರೆದ ಮೇಲೆ ಪ್ರಯೋಗ ಮಾಡದಿರುವುದು ನಾಚಿಕೆಗೇಡೆನಿಸಿತು. ಸ್ನೇಹಿತರೊಬ್ಬರ ಹೊಸ ಕ್ಯಾಮರಾವನ್ನು ಒಂದು ಭಾನುವಾರದ ಮಟ್ಟಿಗೆ ಬೇಡಿ ತಂದೆವು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕೆಂಬ ಪ್ರಯೋಗಶಾಲೆಯ ನಿಯಮವನ್ನು ಪಾಲಿಸಿ, ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಹಾಳೆಯನ್ನು ಎರಡು ಕ್ಯಾಮರಾಗಳಿಂದಲೂ, ಮೊದಲು ಟ್ರೈಪಾಡಿನ ಮೇಲಿಟ್ಟು, ಬಳಿಕ ಕೈಯಲ್ಲಿ ಹಿಡಿದು ತೆಗೆದೆವು. ಟ್ರೈಪಾಡಿನ ಮೇಲಿಂದ ತೆಗೆದ ಚಿತ್ರಗಳನ್ನು ಆಲ್ಬಮಿನ ಗಾತ್ರಕ್ಕೆ ಅಚ್ಚುಹಾಕಿಸಿದಾಗ ಯಾವುದು ಯಾವ ಕ್ಯಾಮರಾದ್ದೆಂದು ಹೇಳಲು ನಮಗೂ ಆಗಲಿಲ್ಲ, ಸ್ನೇಹಿತರಿಗೂ ಆಗಲಿಲ್ಲ. ಕೈಯಲ್ಲಿ ಹಿಡಿದು ಹದಿನೈದನೆಯ ಒಂದು ಸೆಕೆಂಡಿನಲ್ಲಿ ತೆಗೆದಾಗ ಹೊಸದೇ ಮೇಲಾಯಿತು. ಅದರೊಳಗೆ ಕೈಯ ಅಲುಗಾಟವನ್ನು ಸರಿದೂಗಿಸುವ ಏರ್ಪಾಡು ಉಂಟು. ಕೊನೆಯದಾಗಿ ಹಾಳೆಯ ಮುಂದೆ ಅಕ್ಕನ ಮಗಳನ್ನು ನಿಲ್ಲಿಸಿ ಮಾತನಾಡಿಸುತ್ತ ಅಷ್ಟೇ ಕಾಲದಲ್ಲಿ ತೆಗೆದೆವು. ಈ ಸಲ ಎರಡರಲ್ಲಿಯೂ ಅವಳ ಮುಖ ಕಲಸಿತು. ಅಲುಗಾಟವನ್ನು ತಡೆಯುವ ಯಂತ್ರವು ಕ್ಯಾಮರಾವನ್ನು ನಿಲ್ಲಿಸಬಲ್ಲುದೇ ಹೊರತು ಎದುರಿನಲ್ಲಿರುವ ಮಗುವನ್ನು ನಿಲ್ಲಿಸಲಾರದು.

ಅದನ್ನು ಕಂಡೊಡನೆ ನಾವು ಅಜ್ಜಿಯ ಚಿತ್ರವನ್ನು ಮತ್ತೆ ತೆರೆದೆವು. ಹಾಳಾದ ಚಿತ್ರವೂ ಸಾಕ್ಷಿ ನುಡಿಯಬಲ್ಲುದು. ಚಿತ್ರದ ಎಲ್ಲ ಭಾಗಗಳೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಮುಖ ಮಂದವಾಗಿದ್ದು ಅದರ ಹಿಂದಿನದೋ ಮುಂದಿನದೋ ಸ್ಪಷ್ಟವಾಗಿದ್ದರೆ ಬಹುಮಟ್ಟಿಗೆ ಫೋಕಸು ತಪ್ಪಿದೆ. ನಿಶ್ಚಲ ವಸ್ತುಗಳೆಲ್ಲ ಸ್ಪಷ್ಟವಾಗಿದ್ದು ಚಲಿಸಿದ್ದು ಮಾತ್ರ ಚಲನೆಯ ದಿಕ್ಕಿನಲ್ಲಿ ಕಲಸಿದ್ದರೆ ಷಟರಿನ ಕಾಲ ದೀರ್ಘವಾಯಿತು. ಗೆರೆಗಳೆಲ್ಲ ಸರಿಯಿದ್ದು ಕಾಳುಕಾಳಾಗಿದ್ದರೆ ಬೆಳಕು ಸಾಲದು. ನಮ್ಮ ಚಿತ್ರದಲ್ಲಿ ಅಜ್ಜಿಯ ಕುರ್ಚಿಯ ಕೈಗಳು ಸ್ಪಷ್ಟವಾಗಿದ್ದವು. ಅವರ ಹಿಂದಿನ ಗೋಡೆಯಲ್ಲಿ ತೂಗುತ್ತಿದ್ದ ಪಂಚಾಂಗದ ಕ್ಯಾಲೆಂಡರಿನ ತಿಥಿ ನಕ್ಷತ್ರಗಳನ್ನು ಓದಬಹುದಾಗಿತ್ತು. ಬಾಗಿಲ ಚೌಕಟ್ಟಿಗೆ ಒರಗಿ ತೆಗೆದುದರಿಂದ ನಮ್ಮ ಕೈಯೂ ಅಲುಗಿರಲಿಲ್ಲ. ಕ್ಯಾಮರಾ ನಿರ್ದೋಷಿ, ಮಸೂರ ನಿರ್ದೋಷಿ. ಅಜ್ಜಿ ಮರಿಮಗಳ ಕಡೆ ತಿರುಗಿದ ಆ ಕ್ಷಣವನ್ನು ಹದಿನೈದನೆಯ ಒಂದು ಸೆಕೆಂಡಿನಲ್ಲಿ ಹಿಡಿಯಹೊರಟದ್ದು ನಾವು. ಕಿಟಕಿಯು ಅವರಿಂದ ಹತ್ತು ಅಡಿ ದೂರದಲ್ಲಿ ತೆರೆದೇ ಇದ್ದಿತು.

ಹೀಗೆಂದ ಮಾತ್ರಕ್ಕೆ ಉಪಕರಣದಲ್ಲಿ ಏನೂ ಇಲ್ಲವೆಂದು ವಾದಿಸುವವರ ಗುಂಪಿಗೆ ನಮ್ಮನ್ನು ಸೇರಿಸಬಾರದು. ಹಾರುವ ಮಿಂಚುಳ್ಳಿಯ ಕಣ್ಣನ್ನು ಗುರುತಿಸಿ ಫೋಕಸನ್ನು ಬಿಡದೆ ಹಿಡಿದಿರುವ ಶಕ್ತಿ ಹೊಸ ಕ್ಯಾಮರಾಗಳಲ್ಲಿ ನಿಜವಾಗಿಯೂ ಉಂಟು. ರಾತ್ರಿಯ ಯಕ್ಷಗಾನವನ್ನು ರಂಗದಿಂದ ದೂರ ನಿಂತು ತೆಗೆಯುವವನು ಕಿಟಕಿಯನ್ನು ಎಲ್ಲಿಂದ ತರಬೇಕು? ಅವನಿಗೆ ಒಂದೂವರೆ ಪಟ್ಟಿನ ಲಾಭವೂ ಬೆಲೆಯುಳ್ಳದ್ದೇ. ಮುಪ್ಪಿನಿಂದಲೋ ಕಾಯಿಲೆಯಿಂದಲೋ ಕೈ ನಡುಗುವವರಿಗೆ ಅಲುಗಾಟವನ್ನು ತಡೆಯುವ ಯಂತ್ರವು ದೊಡ್ಡ ಉಪಕಾರ. ವಿಜ್ಞಾನದ ಚರಿತ್ರೆಯೂ ಒಳ್ಳೆಯ ಉಪಕರಣದ ಮಹತ್ವವನ್ನು ಸಾರುವುದು. ದೂರದರ್ಶಕವಿಲ್ಲದ ಕಾಲದಲ್ಲಿ ಟೈಕೊ ಬ್ರಾಹೆ ದೊಡ್ಡ ದೊಡ್ಡ ಅಳತೆಯ ಯಂತ್ರಗಳನ್ನು ಕಟ್ಟಿಸಿದನು. ಆದರೆ ಆ ಯಂತ್ರಗಳು ಎಷ್ಟರ ಮಟ್ಟಿಗೆ ನಂಬತಕ್ಕವು ಎಂಬುದನ್ನೂ ಅವನು ಪರೀಕ್ಷಿಸಿ ಅರಿತಿದ್ದನು. ೧೬೦೧ರಲ್ಲಿ ಅವನು ತೀರಿಕೊಂಡ ಮೇಲೆ ಕೆಪ್ಲರನು ಮಂಗಳಗ್ರಹದ ಲೆಕ್ಕದಲ್ಲಿ ಎಂಟು ಕಲೆಗಳಷ್ಟು ವ್ಯತ್ಯಾಸವನ್ನು ಕಂಡಾಗ, ಟೈಕೊವಿನ ಅಳತೆಯಲ್ಲಿ ಅಷ್ಟು ತಪ್ಪು ಇರಲಾರದೆಂದು ನಂಬಿ ತನ್ನ ಸಿದ್ಧಾಂತವನ್ನೇ ತಿದ್ದಿಕೊಂಡನು. ೧೬೦೯ರಲ್ಲಿ ಗ್ರಹಗಳ ದೀರ್ಘವೃತ್ತದ ಪಥವು ಲೋಕಕ್ಕೆ ತಿಳಿಯಿತು. ತನ್ನ ಉಪಕರಣದ ಎಲ್ಲೆಯನ್ನು ಬಲ್ಲವನಿಗೆ ಮಾತ್ರ ಹೀಗೆ ದೋಷವನ್ನು ಸರಿಯಾದ ಸ್ಥಳದಲ್ಲಿ ಹುಡುಕುವುದು ಸಾಧ್ಯ.

ನಮ್ಮಲ್ಲಿ ಬಹುಮಂದಿ ತಮ್ಮ ಕ್ಯಾಮರಾದ ಎಲ್ಲೆಯನ್ನು ಮುಟ್ಟಿಯೇ ಇಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರಂಥವರು ನಾಡಿನ ಸಾಮಾನ್ಯ ಜನರ ಬದುಕನ್ನು ಚಿತ್ರಿಸಿದ್ದು ಫಿಲ್ಮಿನ ಯುಗದಲ್ಲಿ. ಒಂದು ಸುರುಳಿಗೆ ಮೂವತ್ತಾರು ಚಿತ್ರಗಳು. ತೊಳೆದು ನೋಡುವವರೆಗೆ ಫಲವೇನೆಂದು ತಿಳಿಯದು. ೧೯೬೦ರ ದಶಕದಲ್ಲಿ ವೇಗದ ಫಿಲ್ಮೆಂದು ಹೆಸರಾಗಿದ್ದ ಟ್ರೈ-ಎಕ್ಸಿನ ವೇಗಾಂಕ ೪೦೦. ಇಂದು ಹತ್ತು ವರ್ಷ ಹಳೆಯದಾದ ಸಾಧಾರಣ ಕ್ಯಾಮರಾ ಕೂಡ ೩೨೦೦ರ ವೇಗಾಂಕದಲ್ಲಿ, ಎಂದರೆ ಅದರ ಎಂಟರಲ್ಲೊಂದು ಪಾಲು ಬೆಳಕಿನಲ್ಲಿ, ಒಪ್ಪುವಂಥ ಚಿತ್ರವನ್ನು ಕೊಡುವುದು. ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸೊನ್ ತನ್ನ ಬಾಳಿನ ಹೆಚ್ಚಿನ ಕೆಲಸವನ್ನು ಒಂದು ಪುಟ್ಟ ಲೈಕಾ ಕ್ಯಾಮರಾ ಮತ್ತು ಐವತ್ತು ಮಿಲಿಮೀಟರಿನ ಒಂದು ಮಸೂರದಿಂದ ಮಾಡಿದನೆಂಬುದು ಪ್ರಸಿದ್ಧವಾಗಿದೆ. ಒಂದೇ ಮಸೂರವನ್ನು ವರ್ಷಗಟ್ಟಲೆ ಬಳಸಿದವನಿಗೆ, ಎಲ್ಲಿ ನಿಂತರೆ ಎಷ್ಟು ಕಾಣುವುದೆಂಬುದು ಕ್ಯಾಮರಾವನ್ನು ಕಣ್ಣಿಗೆ ಏರಿಸುವ ಮೊದಲೇ ತಿಳಿದಿರುವುದು.

ಆದಕಾರಣ ನಮ್ಮ ಅಭಿಪ್ರಾಯವಿಷ್ಟು. ಬದಲಿಸಬೇಕೆಂಬ ಮನಸ್ಸಾದಾಗ ಕೆಟ್ಟುಹೋದ ಇಪ್ಪತ್ತು ಚಿತ್ರಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಂದರ ಕೆಳಗೂ ಕೆಟ್ಟದ್ದೇಕೆಂದು ಒಂದು ಸಾಲು ಬರೆಯಿರಿ. ಕೈ ಅಲುಗಾಟ, ಬೆಳಕಿನ ಆಯ್ಕೆ, ನಿಂತ ಸ್ಥಳ, ಒತ್ತಿದ ಕ್ಷಣ ಎಂಬ ಕಾರಣಗಳೇ ಹೆಚ್ಚಾಗಿದ್ದರೆ ಹಣವನ್ನು ಉಳಿಸಿ, ಮೂರು ತಿಂಗಳು ಒಂದೇ ಮಸೂರದಿಂದ ಅಭ್ಯಾಸ ಮಾಡಿರಿ. ಮಸೂರದ ಕಿಂಡಿ ಸಾಲದಿದ್ದರೆ ಮಸೂರವೊಂದನ್ನೇ ಕೊಳ್ಳಿರಿ. ಅಭ್ಯಾಸವಾದ ಮೇಲೆಯೂ ಒಂದೇ ಬಗೆಯ ದೋಷವು ಮತ್ತೆ ಮತ್ತೆ ಬಂದು, ಅದು ಕ್ಯಾಮರಾದ್ದೇ ಎಂದು ಖಚಿತವಾದರೆ, ಕೊಳ್ಳಬೇಕೆಂದಿರುವ ಕ್ಯಾಮರಾವನ್ನು ಒಂದೆರಡು ದಿನ ಬಾಡಿಗೆಗೆ ತಂದು ಆ ದೋಷವು ನೀಗುವುದೆ ಎಂದು ಪರೀಕ್ಷಿಸಿರಿ. ನೀಗಿದರೆ ಸಂಕೋಚವಿಲ್ಲದೆ ಬದಲಿಸಿರಿ. ಅಂಥ ವ್ಯಯವು ದುಂದಲ್ಲ.

ಸಾಲದ ಅರ್ಜಿ ಇನ್ನೂ ನಮ್ಮ ಮೇಜಿನ ಖಾನೆಯಲ್ಲಿಯೇ ಇದೆ, ತುಂಬಿಲ್ಲ. ಅಗ್ಗದ ಮಸೂರವೊಂದನ್ನು ಕೊಂಡೆವು. ಅಜ್ಜಿ ಆ ವರ್ಷದ ಆಷಾಢದಲ್ಲಿ ತೀರಿಕೊಂಡರು. ಆ ನಗು ನಮ್ಮಲ್ಲಿ ಉಳಿದಿರುವುದು ಕಲಸಿಹೋದ ಆ ಒಂದೇ ಚಿತ್ರದಲ್ಲಿ. ಈಗ ಮನೆಗೆ ಹಿರಿಯರು ಯಾರು ಬಂದರೂ ಕ್ಯಾಮರಾವನ್ನು ತೆಗೆಯುವ ಮೊದಲು ಅವರ ಕುರ್ಚಿಯನ್ನು ಕಿಟಕಿಯ ಬಳಿ ಹಾಕುವೆವು.